ಫ್ಲೈಟ್‌ಗಿಯರ್‌ಗೆ ಕಟ್ಟಿದ ಮೊದಲ ವಿಮಾನ: ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವ ಕ್ರಮ

ಫ್ಲೈಟ್‌ಗಿಯರ್ ಎಂಬ ಮುಕ್ತ ತಂತ್ರಾಂಶದ ಹಾರಾಟ ಸಿಮ್ಯುಲೇಟರ್‌ಗೆ ಸ್ವಂತ ವಿಮಾನವೊಂದನ್ನು ಮೊದಲ ಬಾರಿ ಕಟ್ಟುವವರು ಸಾಮಾನ್ಯವಾಗಿ ಒಂದೇ ಕಡೆ ಸಿಕ್ಕಿಕೊಳ್ಳುತ್ತಾರೆ. ವಿಮಾನ ರನ್‌ವೇ ಮೇಲೆ ಕಾಣಿಸಿಕೊಂಡ ಕ್ಷಣವೇ ಗಾಳಿಗೆ ಚಿಮ್ಮುತ್ತದೆ, ಇಲ್ಲವೇ ಎಷ್ಟು ಓಡಿದರೂ ಮೂತಿ ಏಳುವುದಿಲ್ಲ, ಇಲ್ಲವೇ ಎದ್ದ ಮೂತಿ ಮತ್ತೆ ಇಳಿಯುವುದಿಲ್ಲ. ಆಗ ಅವರು ನೇರವಾಗಿ ವಾಯುಬಲದ ಗುಣಾಂಕಗಳಿಗೆ, ಅಂದರೆ ಗಾಳಿ ವಿಮಾನದ ಮೇಲೆ ಎಷ್ಟು ಬಲ ಹಾಕುತ್ತದೆ ಎಂದು ಹೇಳುವ ಅಂಕಿಗಳಿಗೆ, ಕೈ ಹಾಕುತ್ತಾರೆ. ಮೊದಲ ವಿಮಾನದ ದೋಷ ಬಹುಮಟ್ಟಿಗೆ ಅಲ್ಲಿರುವುದಿಲ್ಲ. ಅಳತೆಯ ಮಾನ, ಅಕ್ಷದ ದಿಕ್ಕು, ಆಧಾರಬಿಂದು ಎಂಬ ಮೂರರಲ್ಲಿ ಒಂದರಲ್ಲಿ ಇರುತ್ತದೆ. ತಪ್ಪಾದ ತೂಕವನ್ನು ತಪ್ಪಾದ ಲಿಫ್ಟ್‌ನಿಂದ (ರೆಕ್ಕೆಯ ಎತ್ತುಬಲದಿಂದ) ಸರಿದೂಗಿಸಿದ ವಿಮಾನ ಒಂದು ವೇಗದಲ್ಲಿ ಚೆನ್ನಾಗಿಯೇ ಹಾರಿದಂತೆ ಕಂಡು ಮತ್ತೊಂದು ವೇಗದಲ್ಲಿ ಕೈಕೊಡುತ್ತದೆ, ಮತ್ತು ಹಾಗೆ ಹೆಣೆದುಕೊಂಡ ಎರಡು ದೋಷಗಳನ್ನು ಬಿಡಿಸುವುದು ಒಂದೇ ದೋಷವನ್ನು ಹುಡುಕುವುದಕ್ಕಿಂತ ಬಹಳ ಕಷ್ಟ. ಆದ್ದರಿಂದ ಗುಣಾಂಕಗಳನ್ನು ಕಟ್ಟಕಡೆಗೆ ಮುಟ್ಟಬೇಕು ಎಂಬ ನಿಲುವಿನ ಮೇಲೆ ಈ ಕೈಪಿಡಿಯ ಕ್ರಮ ನಿಂತಿದೆ.

ಉದಾಹರಣೆಗೆ ಬೆಂಗಳೂರಿನ ಎನ್‌ಎಎಲ್ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ರೂಪಿಸಿದ ಎರಡು ಆಸನಗಳ ತರಬೇತಿ ವಿಮಾನ ಹಂಸ-3ನ್ನು ತೆಗೆದುಕೊಂಡಿದ್ದೇನೆ. ಅದರ ರೆಕ್ಕೆಯ ಹರವು 10.47 ಮೀಟರ್, ರೆಕ್ಕೆಯ ವಿಸ್ತೀರ್ಣ 12.47 ಚದರ ಮೀಟರ್, ಗರಿಷ್ಠ ಟೇಕಾಫ್ ತೂಕ 750 ಕಿಲೋಗ್ರಾಂ. ಗಾಲಿಗಳು ಮಡಚುವುದಿಲ್ಲ, ಮೂತಿಯಲ್ಲಿ ಒಂದು, ಹಿಂದೆ ಎರಡು. ಮೊದಲ ಪ್ರಯತ್ನಕ್ಕೆ ಇಂಥ ಸರಳ ವಿಮಾನವೇ ಒಳ್ಳೆಯದು. ಹಾರಾಟದ ಲೆಕ್ಕ ಮಾಡುವ ಭಾಗಕ್ಕೆ ಫ್ಲೈಟ್‌ಗಿಯರ್‌ನಲ್ಲಿ ಒಂದಕ್ಕಿಂತ ಹೆಚ್ಚು ಆಯ್ಕೆಗಳಿವೆ; ಇಲ್ಲಿ ಹೇಳುವುದೆಲ್ಲ ಅವುಗಳಲ್ಲಿ ಒಂದಾದ ಜೆಎಸ್‌ಬಿಸಿಮ್‌ಗೆ ಸಂಬಂಧಿಸಿದ್ದು.

ಮಾಹಿತಿ ಕಲೆಹಾಕುವ ಹಂತದಲ್ಲೇ ನುಸುಳುವ ದೋಷವೊಂದನ್ನು ಮೊದಲಿಗೆ ಹೇಳಬೇಕು. ಹಂಸ-3ರಲ್ಲಿರುವುದು ಟರ್ಬೋ ಅಳವಡಿಸಿದ ರೋಟ್ಯಾಕ್ಸ್ 914 ಎಂಜಿನ್, 1,211 ಸಿಸಿ. 2021ರಲ್ಲಿ ಮೊದಲು ಹಾರಿದ ಹಂಸ-ಎನ್‌ಜಿಯಲ್ಲಿರುವುದು ಟರ್ಬೋ ಇಲ್ಲದ ರೋಟ್ಯಾಕ್ಸ್ 912 ಐಎಸ್, 1,352 ಸಿಸಿ. ಎರಡರ ಅಂಕಿಗಳೂ ಹುಡುಕಾಟದಲ್ಲಿ ಒಟ್ಟಿಗೇ ಸಿಗುತ್ತವೆ. ಒಂದರ ಎಂಜಿನ್, ಇನ್ನೊಂದರ ತೂಕ ಸೇರಿ ಹುಟ್ಟಿದ ವಿಮಾನವನ್ನು ಯಾವ ತಿದ್ದುಪಡಿಯೂ ಯಾವುದೇ ಕೈಪಿಡಿಯ ಅಂಕಿಗೆ ಹೊಂದಿಸಲಾರದು.

ವಿಮಾನ ತೆರೆಯುವುದೇ ಇಲ್ಲ

ಪಟ್ಟಿಯಲ್ಲಿ ವಿಮಾನದ ಹೆಸರೇ ಕಾಣದಿದ್ದರೆ ಹಾರಾಟದ ಮಾದರಿಯನ್ನು ಪರೀಕ್ಷಿಸುವ ಅಗತ್ಯವಿಲ್ಲ. ಫ್ಲೈಟ್‌ಗಿಯರ್ ವಿಮಾನವನ್ನು ಗುರುತಿಸುವುದು ಹೆಸರಿನ ಕೊನೆಯಲ್ಲಿ ‘ಸೆಟ್’ ಎಂದಿರುವ ಎಕ್ಸ್‌ಎಂಎಲ್ ಕಡತದಿಂದ. ಅದರ ಮುಂಚಿನ ಭಾಗವೇ ವಿಮಾನದ ಗುರುತು. ಆ ಕಡತವನ್ನು ಹೊತ್ತ ಫೋಲ್ಡರ್‌ನ ಮೇಲಿನ ಹಂತವನ್ನು ಲಾಂಚರ್‌ನ ಆಡ್-ಆನ್ ಪುಟದಲ್ಲಿ ಸೇರಿಸಿದ್ದೀರಾ ಎಂದು ನೋಡಿ.

ಹೆಸರು ಕಂಡು, ತೆರೆಯುವಾಗ ನಿಂತುಹೋದರೆ ಲಾಗ್ ಕಡತವನ್ನು ಓದಬೇಕು. ಲಿನಕ್ಸ್‌ನಲ್ಲಿ ಅದು ಬಳಕೆದಾರರ ಹೋಮ್ ಫೋಲ್ಡರ್‌ನೊಳಗಿನ ಅಡಗಿದ ಎಫ್‌ಜಿಎಫ್‌ಎಸ್ ಫೋಲ್ಡರ್‌ನಲ್ಲಿರುತ್ತದೆ; ವಿಂಡೋಸ್‌ನಲ್ಲಿ ಆಪ್‌ಡೇಟಾ ಅಡಿಯ ಫ್ಲೈಟ್‌ಗಿಯರ್ ಫೋಲ್ಡರ್‌ನಲ್ಲಿರುತ್ತದೆ. ಲಾಗ್‌ನಲ್ಲಿ ಕಾಣುವ ದೋಷಗಳಲ್ಲಿ ಮೊದಲನೆಯದನ್ನೇ ಹಿಡಿಯಿರಿ, ಏಕೆಂದರೆ ನಂತರದವು ಹೆಚ್ಚಾಗಿ ಅದರಿಂದಲೇ ಹುಟ್ಟಿದವು. ಎಕ್ಸ್‌ಎಂಎಲ್ ವ್ಯಾಕರಣದ ತಪ್ಪಾಗಿದ್ದರೆ ಆ ಕಡತವನ್ನು ಬ್ರೌಸರ್‌ನಲ್ಲಿ ತೆರೆದರೂ ಸಾಲಿನ ಸಂಖ್ಯೆ ಸಿಗುತ್ತದೆ. ಮುಚ್ಚದ ಟ್ಯಾಗನ್ನು ಎಲ್ಲರೂ ಹುಡುಕುತ್ತಾರೆ. ಅಷ್ಟಾಗಿ ಗಮನಕ್ಕೆ ಬಾರದ ಎರಡು ಕಾರಣಗಳಿವೆ: ಟಿಪ್ಪಣಿಯ ಒಳಗೆ ಎರಡು ಅಡ್ಡಗೆರೆಗಳು ಒಟ್ಟಿಗೆ ಬಂದರೆ ಎಕ್ಸ್‌ಎಂಎಲ್ ಒಪ್ಪುವುದಿಲ್ಲ, ಬೇರೆ ಕಡೆಯಿಂದ ನಕಲಿಸಿ ಅಂಟಿಸಿದ ಸಾಲಿನಲ್ಲಿ ಬಾಗಿದ ಉದ್ಧರಣ ಚಿಹ್ನೆಗಳಿದ್ದರೆ ಅವೂ ನಡೆಯುವುದಿಲ್ಲ.

ನಿಂತಲ್ಲೇ ಚಿಮ್ಮುತ್ತದೆ, ಕುಸಿಯುತ್ತದೆ, ನಡುಗುತ್ತದೆ

ಹೊಸಬರನ್ನು ಹೆಚ್ಚು ಕಂಗೆಡಿಸುವುದು ಈ ದೋಷ. ವಿಮಾನ ಆಕಾಶಕ್ಕೆ ಎಸೆಯಲ್ಪಟ್ಟು ಪರದೆ ಕಪ್ಪಾಗುತ್ತದೆ, ಉಪಕರಣಗಳಲ್ಲಿ ಅಂಕಿಯೇ ಅಲ್ಲದ ಮೌಲ್ಯಗಳು ಬರುತ್ತವೆ. ಎಂಜಿನ್ ನಿಂತಿರುವಾಗಲೇ, ಗಾಳಿ ಇಲ್ಲದಿರುವಾಗಲೇ ಹೀಗಾಗುವುದರಿಂದ ವಾಯುಬಲಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬುದು ಸ್ಪಷ್ಟ. ಪರೀಕ್ಷಿಸಬೇಕಾದುದು ತೂಕ, ಜಡತ್ವ ಮತ್ತು ಗಾಲಿಗಳ ಸ್ಪ್ರಿಂಗ್.

ಡೀಬಗ್ ಮೆನುವಿನಲ್ಲಿರುವ ಪ್ರಾಪರ್ಟಿ ಬ್ರೌಸರ್ ತೆರೆದು ಜೆಎಸ್‌ಬಿಸಿಮ್‌ನ ಇನರ್ಷಿಯಾ ವಿಭಾಗದಲ್ಲಿ ಒಟ್ಟು ತೂಕವನ್ನು ನೋಡಿ. ಪೂರ್ಣ ಭಾರದ ಹಂಸ-3ಕ್ಕೆ ಅದು 1,653 ಪೌಂಡ್ ಆಸುಪಾಸಿನಲ್ಲಿರಬೇಕು. ಜೆಎಸ್‌ಬಿಸಿಮ್ ಮಾನವನ್ನು ನಮೂದಿಸದ ಸಂಖ್ಯೆಯನ್ನು ಅಡಿ–ಪೌಂಡ್ ಪದ್ಧತಿಯದೆಂದೇ ತಿಳಿಯುತ್ತದೆ. ಕಿಲೋಗ್ರಾಂ ಎಂದು ಹೇಳದೆ ಕೊಟ್ಟ ತೂಕದಿಂದ ವಿಮಾನ ಅರ್ಧಕ್ಕಿಂತ ಹಗುರವಾಗುತ್ತದೆ. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು: ಖಾಲಿ ತೂಕದ ಜಾಗದಲ್ಲಿ ಗರಿಷ್ಠ ತೂಕವನ್ನು ಬರೆದು, ಅದರ ಮೇಲೆ ಪೈಲಟ್ ಮತ್ತು ಇಂಧನವನ್ನು ಬೇರೆಯಾಗಿ ಸೇರಿಸುವುದು. ಜಡತ್ವದ ಮೌಲ್ಯಗಳು ಸ್ಲಗ್–ಚದರ ಅಡಿಯಲ್ಲಿ ಇರಬೇಕು (ಸ್ಲಗ್ ಎಂದರೆ ಅಡಿ–ಪೌಂಡ್ ಪದ್ಧತಿಯಲ್ಲಿ ರಾಶಿಯ ಮಾನ). ಈ ಗಾತ್ರದ ವಿಮಾನಕ್ಕೆ ಉರುಳುವ ಅಕ್ಷದ ಜಡತ್ವ ಒಂದು ಸಾವಿರದ ಹತ್ತಿರ ಇದ್ದರೆ ಅದು ನಂಬುವಂಥದ್ದು. ಸೊನ್ನೆ, ಅಥವಾ ಹತ್ತು–ಹದಿನೈದು ಎಂದಿದ್ದರೆ ವಿಮಾನ ನಡುಗಲು ಬೇರೆ ಕಾರಣ ಹುಡುಕಬೇಕಾಗಿಲ್ಲ.

ಸ್ಪ್ರಿಂಗ್‌ನ ಲೆಕ್ಕವನ್ನು ಕೈಯಿಂದಲೇ ಮಾಡಬಹುದು. ಒಟ್ಟು ಭಾರದ ಶೇಕಡ 86ರಷ್ಟು ಹಿಂದಿನ ಎರಡು ಗಾಲಿಗಳ ಮೇಲೆ ಬೀಳುತ್ತದೆ ಎಂದು ಹಿಡಿಯೋಣ; ಆಗ ಪ್ರತಿ ಗಾಲಿಗೆ ಸುಮಾರು 710 ಪೌಂಡ್. ನಿಂತಾಗ ಸ್ಪ್ರಿಂಗ್ 0.4 ಅಡಿ, ಅಂದರೆ ಐದು ಅಂಗುಲಕ್ಕೆ ಸ್ವಲ್ಪ ಕಡಿಮೆ, ಕುಗ್ಗಬೇಕೆಂದುಕೊಂಡರೆ ಸ್ಪ್ರಿಂಗ್‌ನ ಮೌಲ್ಯ 710ನ್ನು 0.4ರಿಂದ ಭಾಗಿಸಿದಷ್ಟು: ಪ್ರತಿ ಅಡಿಗೆ 1,775 ಪೌಂಡ್. ಡ್ಯಾಂಪಿಂಗ್‌ಗೆ, ಅಂದರೆ ಪುಟಿತವನ್ನು ತಣಿಸುವ ತಡೆಗೆ, ಆ ಗಾಲಿಯ ಪಾಲಿನ ರಾಶಿ ಬೇಕು, 710ನ್ನು 32.2ರಿಂದ ಭಾಗಿಸಿದರೆ 22 ಸ್ಲಗ್. ಸ್ಪ್ರಿಂಗ್ ಮತ್ತು ರಾಶಿಯ ಗುಣಲಬ್ಧದ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ಸುಮಾರು 395 ಬರುತ್ತದೆ. ಅದಕ್ಕಿಂತ ಹೆಚ್ಚಿನ ಡ್ಯಾಂಪಿಂಗ್‌ನಲ್ಲಿ ಗಾಲಿ ಪುಟಿಯುವುದೇ ಇಲ್ಲ. ಅದರ ಅರ್ಧ, ಅಂದರೆ 200ರಷ್ಟನ್ನು ಕೊಟ್ಟರೆ ವಿಮಾನ ಒಮ್ಮೆ ಮೆಲ್ಲನೆ ಕುಗ್ಗಿ ನಿಲ್ಲುತ್ತದೆ.

ಚಿಮ್ಮುವಿಕೆಯನ್ನು ತಡೆಯಲೆಂದು ಡ್ಯಾಂಪಿಂಗನ್ನು ಹತ್ತು ಪಟ್ಟು, ಇಪ್ಪತ್ತು ಪಟ್ಟು ಏರಿಸುವ ಅಭ್ಯಾಸವನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಫ್ಲೈಟ್‌ಗಿಯರ್‌ನಲ್ಲಿ ಜೆಎಸ್‌ಬಿಸಿಮ್ ಸೆಕೆಂಡಿಗೆ 120 ಬಾರಿ ಲೆಕ್ಕ ಮಾಡುತ್ತದೆ. ಡ್ಯಾಂಪಿಂಗ್ ಅತಿಯಾದರೆ ಒಂದೇ ಹೆಜ್ಜೆಯಲ್ಲಿ ಗಾಲಿಯ ವೇಗ ನಿಲ್ಲುವುದರ ಬದಲು ತಿರುಗುಮುರುಗಾಗುತ್ತದೆ, ಮುಂದಿನ ಹೆಜ್ಜೆಯಲ್ಲಿ ಇನ್ನಷ್ಟು ಹೆಚ್ಚಾಗಿ ತಿರುಗುಮುರುಗಾಗುತ್ತದೆ, ಹೀಗೆ ಲೆಕ್ಕವೇ ಸಿಡಿಯುತ್ತದೆ. ಮೇಲಿನ ಅಂಕಿಗಳಿಗೆ ಆ ಮಿತಿ 5,000ದ ಸುಮಾರಿಗೆ ಬರುತ್ತದೆ. ರೆಕ್ಕೆಯ ತುದಿ, ಬಾಲದ ತುದಿಯಂಥ ದೂರದ ಸ್ಪರ್ಶಬಿಂದುಗಳಲ್ಲಿ ಇನ್ನೂ ಬೇಗ ಬರುತ್ತದೆ. ಅದೇ ಕಾರಣಕ್ಕೆ, ಗಾಲಿಗಳೆಲ್ಲ ಸರಿಯಾಗಿದ್ದೂ ವಿಮಾನ ಸಿಡಿಯುತ್ತಿದ್ದರೆ ರೆಕ್ಕೆ ಮತ್ತು ಬಾಲದ ಬಿಂದುಗಳಲ್ಲಿ ಯಾವುದಾದರೂ ಆರಂಭದಲ್ಲೇ ನೆಲದೊಳಗೆ ಹೂತಿದೆಯೇ ಎಂದು ನೋಡಬೇಕು.

ಪಕ್ಕಕ್ಕೆ ವಾಲಿ ಬೀಳುವ ವಿಮಾನದಲ್ಲಿ ಎಡಗಾಲಿಯ ಅಡ್ಡ ಅಳತೆಗೆ ಋಣ ಚಿಹ್ನೆ ಬಿಟ್ಟುಹೋಗಿರುತ್ತದೆ. ಎರಡೂ ಗಾಲಿಗಳು ಬಲಗಡೆಗೇ ಸೇರಿರುತ್ತವೆ. ಬಾಲದ ಮೇಲೆ ಕೂರುವ ವಿಮಾನದಲ್ಲಿ ಗುರುತ್ವ ಕೇಂದ್ರ ಹಿಂದಿನ ಗಾಲಿಗಳಿಗಿಂತ ಹಿಂದಿದೆ. ಖಾಲಿ ವಿಮಾನದ ಗುರುತ್ವ ಕೇಂದ್ರವನ್ನು ಸರಿಯಾಗಿ ಕೊಟ್ಟು, ಪೈಲಟ್‌ನ ತೂಕವನ್ನು ತಪ್ಪು ಜಾಗದಲ್ಲಿ ಇಟ್ಟರೂ ಹೀಗಾಗುತ್ತದೆ. ಆದ್ದರಿಂದ ಕಡತದಲ್ಲಿ ಬರೆದ ಅಂಕಿಯನ್ನು ಬಿಟ್ಟು, ಸಿಮ್ಯುಲೇಟರ್ ಓಡುತ್ತಿರುವಾಗ ತೋರಿಸುವ ಗುರುತ್ವ ಕೇಂದ್ರವನ್ನೇ ಓದಬೇಕು.

ಎಂಜಿನ್ ಶಕ್ತಿ ಕೊಡುತ್ತಿಲ್ಲ

ಎಂಜಿನ್ ಹೊತ್ತಿಕೊಳ್ಳದಿದ್ದರೆ ಮ್ಯಾಗ್ನೆಟೋ, ಮಿಶ್ರಣ, ಸ್ಟಾರ್ಟರ್ ಈ ಮೂರರ ಮೌಲ್ಯಗಳನ್ನು ಪ್ರಾಪರ್ಟಿ ಬ್ರೌಸರ್‌ನಲ್ಲಿ ನೋಡಿ. ಅವು ಸರಿಯಿದ್ದರೆ ಎಂಜಿನ್‌ಗೆ ಯಾವ ಟ್ಯಾಂಕಿನಿಂದ ಇಂಧನ ಬರಬೇಕೆಂದು ಹೇಳುವ ಸಾಲು ಇದೆಯೇ ಎಂದು ನೋಡಿ. ಟ್ಯಾಂಕುಗಳ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ.

ಹೊತ್ತಿಕೊಂಡೂ ವಿಮಾನ ಕದಲದಿದ್ದರೆ, ಅಥವಾ ರಾಕೆಟ್ಟಿನಂತೆ ಹಾರಿದರೆ, ಮತ್ತೆ ಮಾನದ ಪ್ರಶ್ನೆಯೇ. ಎಂಜಿನ್‌ನ ಗಾತ್ರವನ್ನು ಜೆಎಸ್‌ಬಿಸಿಮ್ ಘನ ಅಂಗುಲದಲ್ಲಿ ನಿರೀಕ್ಷಿಸುತ್ತದೆ. 1,211 ಸಿಸಿ ಎಂದರೆ 73.9 ಘನ ಅಂಗುಲ. ರೋಟ್ಯಾಕ್ಸ್ 914ರಲ್ಲಿ ಎಂಜಿನ್‌ಗೂ ಪ್ರೊಪೆಲ್ಲರ್‌ಗೂ ನಡುವೆ 2.43ಕ್ಕೆ 1ರ ಗೇರ್‌ಬಾಕ್ಸ್ ಇದೆ. ಎಂಜಿನ್ ನಿಮಿಷಕ್ಕೆ 5,800 ಸುತ್ತು ತಿರುಗುವಾಗ ಪ್ರೊಪೆಲ್ಲರ್ ತಿರುಗಬೇಕಾದುದು ಸುಮಾರು 2,390. ಪ್ರೊಪೆಲ್ಲರ್ ಕಡತದಲ್ಲಿ ಗೇರ್ ಅನುಪಾತ ಬಿಟ್ಟುಹೋದರೆ ಪ್ರೊಪೆಲ್ಲರ್ ಎಂಜಿನ್‌ನ ವೇಗದಲ್ಲೇ ತಿರುಗಬೇಕಾಗಿ ಬರುತ್ತದೆ. ಅದು ಹೀರುವ ಶಕ್ತಿ ಸುತ್ತುವ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ ಎಂಜಿನ್ ಅರ್ಧದಾರಿಯಲ್ಲೇ ಉಸಿರುಗಟ್ಟುತ್ತದೆ. ಪೂರ್ಣ ಥ್ರಾಟಲ್‌ನಲ್ಲೂ ಎಂಜಿನ್‌ನ ಸುತ್ತು 5,800ಕ್ಕಿಂತ ಬಹಳ ಕೆಳಗೇ ನಿಂತುಬಿಟ್ಟರೆ ಮೊದಲ ಅನುಮಾನ ಇದರ ಮೇಲೆ ಇರಲಿ.

ತಳ್ಳುವ ಬಲ ಎಷ್ಟಿರಬೇಕು ಎಂದು ಮುಂಚೆಯೇ ಲೆಕ್ಕ ಹಾಕಿಟ್ಟುಕೊಳ್ಳುವುದು ಒಳ್ಳೆಯದು. 115 ಅಶ್ವಶಕ್ತಿ, ಪ್ರೊಪೆಲ್ಲರ್‌ನ ದಕ್ಷತೆ ಶೇಕಡ 70, ವೇಗ 60 ನಾಟ್ ಎಂದಾದರೆ ತಳ್ಳುವ ಬಲ ಸುಮಾರು 435 ಪೌಂಡ್ ಬರುತ್ತದೆ. ಪರದೆಯ ಮೇಲೆ 150 ಅಥವಾ 900 ಕಂಡರೆ ಪ್ರೊಪೆಲ್ಲರ್‌ನ ವ್ಯಾಸವನ್ನೋ ಕೋಷ್ಟಕವನ್ನೋ ತಿದ್ದಬೇಕು. ವಿಮಾನದ ಡ್ರ್ಯಾಗ್ ಅನ್ನು (ಗಾಳಿಯ ಎಳೆತವನ್ನು) ಮುಟ್ಟಬಾರದು. ಟರ್ಬೋ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಮ್ಯಾನಿಫೋಲ್ಡ್ ಒತ್ತಡವೇ (ಎಂಜಿನ್‌ನೊಳಕ್ಕೆ ಹೋಗುವ ಗಾಳಿಯ ಒತ್ತಡ) ಸಾಕು: ಪೂರ್ಣ ಥ್ರಾಟಲ್‌ನಲ್ಲಿ ಅದು ಹೊರಗಿನ ಗಾಳಿಯ ಒತ್ತಡವನ್ನು ದಾಟದಿದ್ದರೆ ಬೂಸ್ಟ್ ಸಾಲುಗಳು ಓದಿಲ್ಲ ಎಂದರ್ಥ. ಈ ಪರೀಕ್ಷೆಯನ್ನು ಕರಾವಳಿಯ ನಿಲ್ದಾಣವೊಂದರಲ್ಲಿ ಮಾಡಿ, ನಂತರ ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದಲ್ಲಿ ಮತ್ತೆ ಮಾಡಿ ನೋಡುವುದು ಉಪಯುಕ್ತ. ಜಕ್ಕೂರು ಸುಮಾರು 3,000 ಅಡಿ ಎತ್ತರದಲ್ಲಿದೆ. ಟರ್ಬೋ ಇಲ್ಲದ ಎಂಜಿನ್ ಅಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ, 914 ಕಳೆದುಕೊಳ್ಳಬಾರದು.

ಮೂತಿ ಏಳುವುದಿಲ್ಲ, ಎದ್ದರೆ ಇಳಿಯುವುದಿಲ್ಲ

ಇಲ್ಲಿಗೆ ಬರುವಾಗ ತೂಕ, ಗಾಲಿ, ಎಂಜಿನ್ ಮೂರೂ ಸರಿಯಾಗಿವೆ ಎಂದು ಖಚಿತವಾಗಿರಬೇಕು. ಮೊದಲು ನೆಲ ಬಿಡುವ ವೇಗವನ್ನು ಕಾಗದದ ಮೇಲೆ ಲೆಕ್ಕ ಹಾಕಿ. ರೆಕ್ಕೆಯ ವಿಸ್ತೀರ್ಣ 134.2 ಚದರ ಅಡಿ, ತೂಕ 1,653 ಪೌಂಡ್, ಲಿಫ್ಟ್ ಗುಣಾಂಕ 1.4 ಎಂದು ಹಿಡಿದರೆ ಸಮುದ್ರಮಟ್ಟದಲ್ಲಿ ಆ ವೇಗ 51 ನಾಟ್. ನಿಮ್ಮ ವಿಮಾನ 34 ನಾಟ್‌ನಲ್ಲೇ ತೇಲಿದರೆ ತೂಕದ ಮಾನ ಇನ್ನೂ ತಪ್ಪಿದೆ: 750 ಪೌಂಡ್ ತೂಕಕ್ಕೆ ಬರುವ ವೇಗ ಸರಿಯಾಗಿ ಅಷ್ಟೇ.

ಎಷ್ಟು ವೇಗ ಪಡೆದರೂ, ಮೂತಿ ಎತ್ತಿದರೂ ಲಿಫ್ಟ್ ಹೆಚ್ಚದಿದ್ದರೆ ಕೋಷ್ಟಕದ ಕೋನ ಯಾವುದರಲ್ಲಿದೆ ಎಂದು ನೋಡಿ. ಆಲ್ಫಾ, ಅಂದರೆ ರೆಕ್ಕೆ ಗಾಳಿಗೆ ಒಡ್ಡಿಕೊಂಡ ಕೋನ, ಜೆಎಸ್‌ಬಿಸಿಮ್‌ನಲ್ಲಿ ಡಿಗ್ರಿಯಲ್ಲೂ ಸಿಗುತ್ತದೆ, ರೇಡಿಯನ್‌ನಲ್ಲೂ ಸಿಗುತ್ತದೆ. ಕೋಷ್ಟಕವನ್ನು ಡಿಗ್ರಿಯಲ್ಲಿ ಬರೆದು ರೇಡಿಯನ್‌ನ ಪ್ರಾಪರ್ಟಿಯನ್ನು ಜೋಡಿಸಿದರೆ 12 ಡಿಗ್ರಿ ಎತ್ತಿದಾಗಲೂ ಕೋಷ್ಟಕಕ್ಕೆ ತಲುಪುವುದು 0.21 ಮಾತ್ರ, ಅದು ಮೊದಲ ಸಾಲಿನ ಸುತ್ತಲೇ ಸುಳಿದಾಡುತ್ತದೆ.

ನಿಯಂತ್ರಣದ ದಿಕ್ಕನ್ನು ಸರಪಳಿಯಂತೆ ಒಂದೊಂದೇ ಕೊಂಡಿಯಲ್ಲಿ ಪರೀಕ್ಷಿಸಬೇಕು: ಜಾಯ್‌ಸ್ಟಿಕ್‌ನಿಂದ ಬಂದ ಆದೇಶ, ಜೆಎಸ್‌ಬಿಸಿಮ್‌ನೊಳಗಿನ ಎಲಿವೇಟರ್ (ಮೂತಿಯನ್ನು ಎತ್ತಿ ಇಳಿಸುವ ಬಾಲದ ಪಟ್ಟಿ) ಕೋನ, ಅದರಿಂದ ಹುಟ್ಟಿದ ತಿರುಗುಬಲ, ಕೊನೆಗೆ ಪರದೆಯ ಮೇಲಿನ ಚಲನೆ. ಸ್ಟಿಕ್ಕನ್ನು ಹಿಂದಕ್ಕೆ ಎಳೆದಾಗ ಆದೇಶ ಋಣವಾಗುತ್ತದೆ, ಎಲಿವೇಟರ್ ಕೋನವೂ ಋಣವಾಗುತ್ತದೆ. ಎಲಿವೇಟರ್‌ನ ಪಿಚ್ (ಮೂತಿಯ ಏರಿಳಿತದ) ಗುಣಾಂಕವೂ ಋಣವಾಗಿದ್ದರೆ ಎರಡು ಋಣಗಳು ಸೇರಿ ಮೂತಿ ಏಳುತ್ತದೆ. ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್‌ನಲ್ಲಿ ಒಂದು ವಿಶೇಷವಿದೆ. ಫ್ಲೈಟ್‌ಗಿಯರ್ ತನ್ನ ರಡ್ಡರ್ ಆದೇಶದ ಚಿಹ್ನೆಯನ್ನು ತಿರುಗಿಸಿಯೇ ಜೆಎಸ್‌ಬಿಸಿಮ್‌ಗೆ ಕೊಡುತ್ತದೆ. ಇದು ತಿಳಿಯದೆ ಎರಡು ಅಂಕಿಗಳನ್ನು ಹೋಲಿಸಿದವರು ಸರಿಯಾಗಿರುವ ಗುಣಾಂಕವನ್ನು ತಲೆಕೆಳಗು ಮಾಡಿಬಿಡುತ್ತಾರೆ.

ಈಗ ಆಧಾರಬಿಂದು. ಕಡತದಲ್ಲಿ ಏರೋಆರ್‌ಪಿ ಎಂದು ಗುರುತಿಸಿರುವ ಜಾಗದಲ್ಲಿ ಲಿಫ್ಟ್ ಮತ್ತು ಡ್ರ್ಯಾಗ್ ಕೆಲಸ ಮಾಡುತ್ತವೆ. ಅಲ್ಲಿಂದ ಗುರುತ್ವ ಕೇಂದ್ರಕ್ಕಿರುವ ದೂರದಿಂದ ಹುಟ್ಟುವ ತಿರುಗುಬಲವನ್ನು ಜೆಎಸ್‌ಬಿಸಿಮ್ ತಾನಾಗಿಯೇ ಸೇರಿಸಿಕೊಳ್ಳುತ್ತದೆ. ಹಂಸ-3ರ ರೆಕ್ಕೆಯ ಸರಾಸರಿ ಅಗಲ 3.91 ಅಡಿ, ಅಂದರೆ 47 ಅಂಗುಲ. ಏರೋಆರ್‌ಪಿ ಗುರುತ್ವ ಕೇಂದ್ರಕ್ಕಿಂತ 3 ಅಂಗುಲ ಹಿಂದಿದ್ದರೆ, ಲಿಫ್ಟ್‌ನ ಇಳಿಜಾರು ಪ್ರತಿ ರೇಡಿಯನ್‌ಗೆ 4.9 ಎಂದು ಹಿಡಿದಾಗ, ಪಿಚ್ ಸ್ಥಿರತೆಗೆ −0.31ರಷ್ಟು ಸೇರುತ್ತದೆ. ಕೋಷ್ಟಕದಲ್ಲಿ ನೀವು ಕೊಟ್ಟ ಅಂಕಿ ಈಗಾಗಲೇ ಗುರುತ್ವ ಕೇಂದ್ರದ ಸುತ್ತ ಅಳೆದದ್ದಾಗಿದ್ದರೆ ಸ್ಥಿರತೆಯನ್ನು ಎರಡು ಸಲ ಎಣಿಸಿದಂತಾಯಿತು. ಟೈಪಿಸುವಾಗ ತಪ್ಪಿ ಆ ದೂರ 30 ಅಂಗುಲವಾದರೆ −3ಕ್ಕೂ ಹೆಚ್ಚು ಸೇರಿ, ಎಲಿವೇಟರ್‌ನ ಬಲ ಎಲ್ಲ ಖರ್ಚಾದರೂ ಮೂತಿ ಏಳುವುದಿಲ್ಲ. ಅಷ್ಟೇ ದೂರ ಮುಂದಿದ್ದರೆ ವಿಮಾನ ಎದ್ದ ಕೂಡಲೇ ಹಿಂದಕ್ಕೆ ಮಗುಚುತ್ತದೆ. ಅಳತೆಗಳ ಈ ಚೌಕಟ್ಟಿನಲ್ಲಿ ಉದ್ದದ ಅಕ್ಷ ಬಾಲದ ಕಡೆಗೆ ಹೆಚ್ಚುತ್ತದೆ, ಎತ್ತರ ಮೇಲಕ್ಕೆ ಹೆಚ್ಚುತ್ತದೆ. ಬಲಗಳ ಚೌಕಟ್ಟಿನಲ್ಲಿ ಉದ್ದ ಮೂತಿಯ ಕಡೆಗೆ, ಎತ್ತರ ಕೆಳಕ್ಕೆ. ಪರಸ್ಪರ ವಿರುದ್ಧವಾದ ಈ ಎರಡನ್ನೂ ಒಂದು ಚೀಟಿಯಲ್ಲಿ ಚಿತ್ರ ಬರೆದು ಎದುರಿಗೆ ಅಂಟಿಸಿಕೊಳ್ಳುವುದು ನನ್ನ ಮಟ್ಟಿಗೆ ಅತ್ಯಂತ ಉಪಕಾರಿಯಾದ ಅಭ್ಯಾಸ.

ವಿಮಾನದ ಮೂತಿ ಜೇನಿನಲ್ಲಿ ಸಿಕ್ಕಿದಂತೆ ಜಡವಾಗಿದ್ದು, ವೇಗ ಹೆಚ್ಚಿದಂತೆ ನಡುಗಲು ತೊಡಗಿದರೆ ಪಿಚ್ ಡ್ಯಾಂಪಿಂಗ್‌ನ ಸಾಲಿನಲ್ಲಿ ಒಂದು ಗುಣಕ ಬಿಟ್ಟುಹೋಗಿದೆ. ತಿರುಗುವ ವೇಗವನ್ನು ರೆಕ್ಕೆಯ ಅಗಲ ಭಾಗಿಸು ಎರಡು ಪಟ್ಟು ವಾಯುವೇಗ ಎಂಬುದರಿಂದ ಗುಣಿಸಲೇಬೇಕು. 70 ನಾಟ್‌ನಲ್ಲಿ ಆ ಗುಣಕ ಸುಮಾರು 0.0166, ಅದಿಲ್ಲದಿದ್ದರೆ ಡ್ಯಾಂಪಿಂಗ್ ಅರವತ್ತು ಪಟ್ಟಾಗುತ್ತದೆ. ಉರುಳುವಿಕೆ ಮತ್ತು ಮೂತಿ ತಿರುಗುವಿಕೆಗೆ ಇದೇ ಗುಣಕ ರೆಕ್ಕೆಯ ಹರವಿನಿಂದ ಬರುತ್ತದೆ.

ಇಷ್ಟೆಲ್ಲ ಸರಿಯಿದ್ದು ವಿಮಾನದ ನಡತೆ ಇನ್ನೂ ಒಪ್ಪದಿದ್ದರೆ ಮಾತ್ರ ಗುಣಾಂಕಗಳ ಸರದಿ. ಆಗ ಫ್ಲೈಟ್‌ಗಿಯರ್ ಬಿಟ್ಟು ಜೆಎಸ್‌ಬಿಸಿಮ್ಮನ್ನು ಒಂಟಿಯಾಗಿ ಓಡಿಸಿ, ಅದೇ ಆದೇಶಗಳ ಸ್ಕ್ರಿಪ್ಟ್‌ಗೆ ಆಲ್ಫಾ, ವೇಗ, ಎಲಿವೇಟರ್ ಕೋನ ಹೇಗೆ ಬದಲಾಗುತ್ತವೆ ಎಂದು ಸಿಎಸ್‌ವಿ ಕಡತಕ್ಕೆ ಬರೆಯಿಸಿ, ಒಂದು ಬಾರಿಗೆ ಒಂದೇ ಅಂಕಿಯನ್ನು ಬದಲಿಸಿ ಹೋಲಿಸಬೇಕು. ಕೈಯಲ್ಲಿ ಹಾರಿಸಿ ನೋಡಿ ತೀರ್ಮಾನಿಸುವುದು ಇಲ್ಲಿ ಸಾಲದು, ಏಕೆಂದರೆ ಕೈ ತನಗರಿವಿಲ್ಲದಂತೆ ದೋಷವನ್ನು ಸರಿದೂಗಿಸುತ್ತದೆ.

ಹಾರಾಟ ಸರಿ, ನೋಟ ತಪ್ಪು

ಗಾಲಿಗಳು ನೆಲದಲ್ಲಿ ಹೂತಿದ್ದರೆ ಅಥವಾ ವಿಮಾನ ತೇಲುತ್ತಿದ್ದರೆ ಸ್ಪ್ರಿಂಗ್ ಮುಟ್ಟುವ ಮುಂಚೆ ವಿಆರ್‌ಪಿ ನೋಡಿ. ಮೂರು ಆಯಾಮದ ಮಾದರಿಯ ಮೂಲಬಿಂದು ಜೆಎಸ್‌ಬಿಸಿಮ್‌ನ ಅಳತೆಯಲ್ಲಿ ಎಲ್ಲಿ ಬರುತ್ತದೆ ಎಂದು ಹೇಳುವ ಸಾಲು ಅದು. ಮಾದರಿ ಮೀಟರ್‌ನಲ್ಲಿ, ಜೆಎಸ್‌ಬಿಸಿಮ್ ಸಾಮಾನ್ಯವಾಗಿ ಅಂಗುಲದಲ್ಲಿ ಇರುವುದರಿಂದ 39.37ರ ವ್ಯತ್ಯಾಸ ಇಲ್ಲಿ ಸುಲಭವಾಗಿ ನುಸುಳುತ್ತದೆ. ಹೊರಗಿನ ನೋಟದಲ್ಲಿ ವಿಮಾನ ತನ್ನ ಮೈಯಾಚೆಗಿನ ಯಾವುದೋ ಬಿಂದುವಿನ ಸುತ್ತ ಮೂತಿ ಎತ್ತುತ್ತಿದ್ದರೆ ಅದೂ ವಿಆರ್‌ಪಿ ದೋಷವೇ.

ಏಲೆರಾನ್ (ವಿಮಾನವನ್ನು ಪಕ್ಕಕ್ಕೆ ಉರುಳಿಸುವ ರೆಕ್ಕೆಯ ಪಟ್ಟಿ) ಅಲುಗದಿದ್ದರೆ ಭಾಗದ ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ. ಮೂರು ಆಯಾಮದ ಮಾದರಿ ಕಟ್ಟುವ ತಂತ್ರಾಂಶ ಬ್ಲೆಂಡರ್‌ನಲ್ಲಿ ಭಾಗವನ್ನು ನಕಲು ಮಾಡಿದಾಗ ಹೆಸರಿನ ಕೊನೆಗೆ ‘.001’ ಸೇರಿಕೊಳ್ಳುತ್ತದೆ. ಉಲ್ಟಾ ಅಲುಗಿದರೆ ಕೀಲಿನ ಎರಡು ಬಿಂದುಗಳ ಕ್ರಮವನ್ನು ಅದಲುಬದಲು ಮಾಡಿ. ರೆಕ್ಕೆಯಿಂದ ಕಳಚಿ ದೂರ ಬೀಸಿದರೆ ತಿರುಗುವ ಕೇಂದ್ರ ಕೀಲಿನ ಮೇಲಿಲ್ಲ.

ಸ್ವಂತ ಕಂಪ್ಯೂಟರ್‌ನಲ್ಲಿ ಬಣ್ಣವಿದ್ದು ಬೇರೆಯವರಲ್ಲಿ ಬಿಳಿಯಾಗಿ ಕಾಣುವ ವಿಮಾನದಲ್ಲಿ ಚಿತ್ರಕಡತದ ಪೂರ್ತಿ ಹಾದಿ, ನಿಮ್ಮ ಡಿಸ್ಕಿನ ಹೆಸರಿನ ಸಮೇತ, ಮಾದರಿಯೊಳಗೆ ಉಳಿದುಬಿಟ್ಟಿರುತ್ತದೆ. ವಿಂಡೋಸ್ ಕಡತದ ಹೆಸರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರದ ಭೇದ ಎಣಿಸುವುದಿಲ್ಲ, ಲಿನಕ್ಸ್ ಎಣಿಸುತ್ತದೆ. ಅಲ್ಲಿ ಎಂಜಿನ್ ಕಡತವೇ ಸಿಗದೆ ವಿಮಾನ ತೆರೆಯದಿರಬಹುದು. ಹಂಚುವ ಮೊದಲು ಜಿಪ್ ಕಡತವನ್ನು ಬೇರೊಂದು ಫೋಲ್ಡರ್‌ನಲ್ಲಿ ಬಿಚ್ಚಿ, ಮೂಲ ಫೋಲ್ಡರ್‌ನ ಹೆಸರು ತಾತ್ಕಾಲಿಕವಾಗಿ ಬದಲಿಸಿ, ಸಾಧ್ಯವಾದರೆ ಲಿನಕ್ಸ್ ಇರುವ ಕಂಪ್ಯೂಟರ್‌ನಲ್ಲಿ ತೆರೆದು, ಲಾಗ್‌ನಲ್ಲಿ ಸಿಗದ ಕಡತಗಳ ಸಾಲು ಒಂದೂ ಇಲ್ಲವೆಂದು ನೋಡಿಕೊಳ್ಳಿ.